ಹೆಣ್ಣುಮಕ್ಕಳ ಆಟವು ಶಾಲೆಯೊಡನೆಯೇ ಮುಗಿಯಬೇಕೆ?

ಹೆಣ್ಣುಮಕ್ಕಳಿಗೆ ಆಟವೇತಕ್ಕೆಂದು ಕೇಳುವವರು ಈಗ ವಿರಳರಾಗಿದ್ದಾರೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಆಟವು ಎಷ್ಟು ಕಾಲವೆಂಬ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇನ್ನೂ ಒಂದು ಗಡಿಯುಂಟು. ಕೆಳತರಗತಿಗಳಲ್ಲಿರುವಾಗ ಹುಡುಗಿ ಆಡಲಿ. ಹತ್ತನೆಯ ತರಗತಿಗೆ ಬಂದಮೇಲೆ ಪುಸ್ತಕ ಹಿಡಿಯಲಿ. ಆ ಬಳಿಕ ಮದುವೆ, ಮನೆ, ಮಕ್ಕಳು. ಇದೇ ಆ ಗಡಿಯ ಲೆಕ್ಕ. ಈ ಲೆಕ್ಕವು ಸರಿಯೋ ತಪ್ಪೋ ಎಂಬುದನ್ನು ವಿಚಾರಮಾಡುವುದಕ್ಕಾಗಿ, 1997ನೆಯ ಇಸವಿಯಲ್ಲಿ ಅಮೆರಿಕಾ ದೇಶದಲ್ಲಿ ನಡೆದ ಒಂದು ಪಂದ್ಯಾವಳಿಯ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಬಯಸುತ್ತೇನೆ.

ಬಾಸ್ಕೆಟ್ ಬಾಲ್ ಆಟವು ಹುಟ್ಟಿದ್ದೇ ವಿದ್ಯಾಲಯದಲ್ಲಿ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಪಟ್ಟಣದ ವೈ.ಎಂ.ಸಿ.ಎ. ಶಿಕ್ಷಣಶಾಲೆಯ ಉಪಾಧ್ಯಾಯರಾದ ಜೇಮ್ಸ್ ನೇಸ್ಮಿತ್ ಎಂಬವರು, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು ಎರಡು ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿಸಿ, 13 ನಿಯಮಗಳನ್ನು ಬರೆದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯವರು ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೀಗೆ ಈ ಆಟದಲ್ಲಿ ಹೆಂಗಸರು ಗಂಡಸರಿಗಿಂತ ಒಂದೇ ವರ್ಷ ಹಿಂದಿನವರು. ಆದರೆ ಅದನ್ನು ವೃತ್ತಿಯಾಗಿ ಕೈಕೊಳ್ಳುವ ಅವಕಾಶವಾದರೋ ಬಹಳ ಹಿಂದುಳಿಯಿತು. ಎನ್.ಬಿ.ಎ. ಎಂದು ಹೆಸರಾದ ಗಂಡಸರ ಸಂಘವು 1946ರಷ್ಟು ಹಿಂದೆಯೇ ಮೊದಲಾಯಿತು. 1978ರಲ್ಲಿ ತಲೆಯೆತ್ತಿದ ಒಂದು ಮಹಿಳಾ ಸಂಘವು ಮೂರೇ ಪಂದ್ಯಾವಳಿಗಳನ್ನು ನಡೆಯಿಸಿ ನಿಂತುಹೋಯಿತು. ಗಂಡಸರ ಸಂಘವೇ ಹೆಂಗಸರಿಗಾಗಿ ಡಬ್ಲ್ಯು.ಎನ್.ಬಿ.ಎ. ಎಂಬ ಪಂದ್ಯಾವಳಿಯನ್ನು ಸ್ಥಾಪಿಸಲು ನಿಶ್ಚಯಿಸಿದುದು 1996ರಲ್ಲಿ. ಅದಕ್ಕೆ ಆಟಗಾರ್ತಿಯರು ಒಮ್ಮೆಗೇ ಎಲ್ಲಿಂದ ದೊರೆತರು? ಸರಕಾರದ ದ್ರವ್ಯಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ಆ ದೇಶವು 1972ರಲ್ಲಿ ಶಾಸನಮಾಡಿತ್ತು. ಅಂದಿನಿಂದ ಶಾಲೆ ಕಾಲೇಜುಗಳ ಅಂಗಣಗಳಲ್ಲಿ ಬಿತ್ತಿದುದನ್ನೇ ಇಪ್ಪತ್ತೈದು ವರ್ಷಗಳ ಮೇಲೆ ಕೊಯ್ದರೆಂದು ಹೇಳಬಹುದು.

ಮೊದಲನೆಯ ಪಂದ್ಯವು 1997ರ ಜೂನ್ 21ರಂದು ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ತಂಡಗಳ ನಡುವೆ ನಡೆದು, ನ್ಯೂಯಾರ್ಕಿನವರು 67–57ರಿಂದ ಗೆದ್ದರು. ತಂಡಗಳು ಎಂಟು, ಒಂದೊಂದು ತಂಡಕ್ಕೂ 28 ಪಂದ್ಯಗಳು. ಆಗಸ್ಟ್ 30ರಂದು ನಡೆದ ಕಡೆಯ ಪಂದ್ಯದಲ್ಲಿ ಹ್ಯೂಸ್ಟನ್ ನಗರದ ಕಾಮೆಟ್ಸ್ ತಂಡದವರು ಅದೇ ನ್ಯೂಯಾರ್ಕಿನವರನ್ನು 65–51ರಿಂದ ಸೋಲಿಸಿ ಪ್ರಶಸ್ತಿ ಪಡೆದರು.

ಈ ಗೆಲುವಿಗೆ ಮುಖ್ಯ ಕಾರಣರಾದವರು ಸಿಂಥಿಯಾ ಕೂಪರ್. ಅವರಿಗೆ ಆಗ ವಯಸ್ಸು ಹತ್ತೊಂಬತ್ತಲ್ಲ, ಇಪ್ಪತ್ತೆರಡಲ್ಲ, 34. ಕಾಲೇಜು ಬಿಟ್ಟಮೇಲೆ ಸ್ವದೇಶದಲ್ಲಿ ಆಡಲು ನೆಲೆಯಿಲ್ಲದೆ, ಸ್ಪೇಯಿನ್ ಇಟಲಿ ದೇಶಗಳಲ್ಲಿ ಸುಮಾರು ಹತ್ತು ವರ್ಷ ಆಡಿ ಬಂದವರು. ಆ ವರ್ಷದ ಅತ್ಯುತ್ತಮ ಆಟಗಾರ್ತಿ ಎಂಬ ಗೌರವವು ಅವರಿಗೇ ಸಂದಿತು. ಆ ಸಾಮರ್ಥ್ಯವು 1997ರಲ್ಲಿ ಹುಟ್ಟಿದುದಲ್ಲ. ಅದು ಮೊದಲೇ ಇದ್ದಿತು. ಅದನ್ನು ನೋಡುವ ಕಣ್ಣು ಮಾತ್ರ ತಡವಾಗಿ ತೆರೆಯಿತು. ಅವರು ನಡುವೆ ಆಟವನ್ನು ಕೈಬಿಟ್ಟಿದ್ದರೆ, ಬಾಗಿಲು ತೆರೆದಾಗ ಒಳಹೋಗುವವರು ಯಾರಿರುತ್ತಿದ್ದರು?

ಅದೇ ತಂಡದ ಷೆರಿಲ್ ಸ್ವೂಪ್ಸ್ ಎಂಬವರು ಆ ಜೂನ್ ತಿಂಗಳಲ್ಲಿ ಗಂಡುಮಗುವನ್ನು ಹೆತ್ತು, ಸುಮಾರು ಆರು ವಾರಗಳಲ್ಲಿ ಅಂಗಣಕ್ಕೆ ಮರಳಿದರು. ಬಾಣಂತಿಯರೆಲ್ಲರೂ ಹೀಗೆ ಮಾಡಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಮನೆಗಳ ಹಿರಿಯರು ಹೇಳುವ ವಿಶ್ರಾಂತಿಗೆ ತಕ್ಕ ಕಾರಣವುಂಟು. ಆದರೆ ತಾಯಿಯಾದ ಮಾತ್ರಕ್ಕೆ ಅವರ ಸ್ಥಾನವು ಹೋಗಲಿಲ್ಲವೆಂಬುದನ್ನು ಗಮನಿಸಬೇಕು.

ಇಷ್ಟನ್ನು ಹೇಳಿ, ಆಟವೇ ಹೊಟ್ಟೆಗೆ ಆಧಾರವೆಂದು ಮಕ್ಕಳನ್ನು ನಂಬಿಸುವುದು ನನ್ನ ಉದ್ದೇಶವಲ್ಲ. ಇದಕ್ಕೆ ಪ್ರತಿಸ್ಪರ್ಧಿಯಾಗಿ 1996ರಲ್ಲಿ ಆಡತೊಡಗಿದ್ದ ಇನ್ನೊಂದು ಮಹಿಳಾ ಸಂಘವು 1998ರ ಡಿಸೆಂಬರಿನಲ್ಲಿ ಪಂದ್ಯಾವಳಿಯ ನಡುವೆಯೇ ಮುಚ್ಚಿಹೋಯಿತು. ಮೊದಲ ನಾಲ್ಕು ವರ್ಷಗಳ ಪ್ರಶಸ್ತಿಯನ್ನೂ ಗೆದ್ದ ಹ್ಯೂಸ್ಟನ್ ತಂಡವೇ 2008ರಲ್ಲಿ ಕೊಳ್ಳುವವರಿಲ್ಲದೆ ವಿಸರ್ಜಿತವಾಯಿತು. ಕೀರ್ತಿಯು ಬೇರೆ, ಭದ್ರತೆಯು ಬೇರೆ. ಆದುದರಿಂದ ವಿದ್ಯೆಯನ್ನು ಬಿಟ್ಟು ಆಟವನ್ನು ಹಿಡಿಯೆಂದು ಯಾವ ಹುಡುಗಿಗೂ ನಾನು ಹೇಳಲಾರೆ.

ಆದರೆ ವಿದ್ಯೆಗಾಗಿ ಆಟವನ್ನು ಬಿಡೆಂದೂ ಹೇಳಲಾರೆ. ನಮ್ಮ ಬಾಲಿಕೆಯರಲ್ಲಿ ನೂರಕ್ಕೆ ಒಬ್ಬಳೂ ವೃತ್ತಿಯ ಆಟಗಾರ್ತಿಯಾಗದೆ ಇರಬಹುದು. ಆದರೂ ಜೊತೆಯವಳಿಗೆ ಚೆಂಡನ್ನು ಒಪ್ಪಿಸುವುದು, ಸೋತು ಮರುದಿನ ಮತ್ತೆ ಬರುವುದು, ತೀರ್ಪುಗಾರರ ಮಾತಿಗೆ ತಲೆಬಾಗುವುದು, ದಣಿದ ಮೈಯನ್ನೂ ಅಂಕೆಯಲ್ಲಿಟ್ಟುಕೊಳ್ಳುವುದು, ಇವೆಲ್ಲವೂ ಹದಿನೈದನೆಯ ವಯಸ್ಸಿಗೆ ಮುಗಿಯತಕ್ಕ ಪಾಠಗಳಲ್ಲ. ಮೂವತ್ತು ನಲವತ್ತು ವರ್ಷದ ಹೆಂಗಸಿಗೆ ಇವುಗಳ ಅಗತ್ಯವು ಹುಡುಗಿಗಿಂತಲೂ ಹೆಚ್ಚೆಂದು ಸಂಸಾರ ನಡೆಯಿಸಿದವರೆಲ್ಲರೂ ಬಲ್ಲರು.

ತಾಯಿತಂದೆಗಳೇ, ಪರೀಕ್ಷೆಯ ವರ್ಷದಲ್ಲಿಯೂ ಮಗಳ ಸಂಜೆಯ ಒಂದು ಗಂಟೆಯನ್ನು ಅವಳಿಗೇ ಬಿಡಿರಿ. ಅದರಿಂದ ಅಂಕಗಳಿಗೆ ಕುಂದಾಗದು. ಹಳೆಯ ವಿದ್ಯಾರ್ಥಿನಿಯರೇ, ನೀವು ಶಾಲೆಗೆ ಬಂದಾಗ ಕಟ್ಟಡವನ್ನು ನೋಡಿ ಹೋಗುವುದಷ್ಟೇ ಸಾಲದು. ಸೆರಗನ್ನು ಬಿಗಿದು ಅಂಗಣಕ್ಕೂ ಇಳಿಯಿರಿ. ತಾಯಂದಿರೂ ಆಡುವುದುಂಟೆಂದು ನಮ್ಮ ಚಿಕ್ಕ ಹುಡುಗಿಯರು ನಿಮ್ಮನ್ನು ನೋಡಿ ತಿಳಿಯಲಿ.