ಸಾಕ್ಷಿಯ ರಜೆ ಯಾರಪ್ಪನ ಗಂಟು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ಕನ್ನಡಿಗ ದಂಪತಿಗಳಲ್ಲಿ ಒಬ್ಬರಿಗೆ ಜ್ಯೂರಿ ಕೆಲಸಕ್ಕೆ ಬರಬೇಕೆಂದು ಸಮನ್ಸ್ ಬಂತೆನ್ನಿ. ಅದೇ ವಾರ ತಂಗಿಯ ಮದುವೆಗೆ ಊರಿಗೆ ಹೊರಡಲು ವಿಮಾನದ ಟಿಕೆಟ್ ಆಗಿದೆ. ಗಾಬರಿಯಾಗುವಂಥದ್ದು ಏನೂ ಇಲ್ಲ. ಮುಂದಿನ ಒಂದು ವರ್ಷದೊಳಗೆ ತಮಗೆ ಅನುಕೂಲವಾದ ದಿನವೊಂದನ್ನು ಆರಿಸಿ ಕೋರ್ಟಿಗೆ ತಿಳಿಸಿದರೆ ಸಾಕು. ಹೀಗೆ ಒಂದು ಸಲ ಮುಂದಕ್ಕೆ ಹಾಕಿಸಿಕೊಳ್ಳುವುದು ಅಲ್ಲಿ ಜ್ಯೂರರ ಹಕ್ಕು. ಆರಿಸಿದ ದಿನ ಹೋಗಿ ಕುಳಿತರೆ 'ಒಂದು ದಿನ ಇಲ್ಲವೇ ಒಂದು ಮೊಕದ್ದಮೆ' ಎಂಬುದು ಲೆಕ್ಕ. ಯಾವ ಮೊಕದ್ದಮೆಗೂ ಹೆಸರು ಬರದಿದ್ದರೆ ಸಂಜೆಗೆ ಋಣ ತೀರಿತು.

ಈಗ ಪುಣೆಗೆ ಬನ್ನಿ. ಇಲ್ಲೊಬ್ಬರು ಬ್ಯಾಂಕ್ ಅಧಿಕಾರಿ. ಎಂಟು ವರ್ಷದ ಹಿಂದೆ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನ ಶಾಖೆಯಲ್ಲಿದ್ದಾಗ ಯಾರೋ ನಕಲಿ ಚಿನ್ನ ಅಡವಿಟ್ಟು ಸಾಲ ಪಡೆದರು, ಇವರು ಪೊಲೀಸರಿಗೆ ಹೇಳಿಕೆ ಕೊಟ್ಟರು, ಆಮೇಲೆ ಮೂರು ವರ್ಗಾವಣೆ ಆದವು. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಮನೆಮಂದಿಯೆಲ್ಲ ಹರಿದ್ವಾರಕ್ಕೆ ಹೋಗೋಣವೆಂದು, ರೈಲ್ವೆಯವರು ಬಿಡುವ 60 ದಿನದ ಗಡುವಿನ ಮೊದಲ ಬೆಳಿಗ್ಗೆಯೇ 8 ಗಂಟೆಗೆ ಮೊಬೈಲ್ ಹಿಡಿದು ಕುಳಿತು ಟಿಕೆಟ್ ಮಾಡಿದ್ದಾರೆ. ಹೊರಡಲು ಒಂಬತ್ತು ದಿನ ಇರುವಾಗ ಠಾಣೆಯಿಂದ ಪೇದೆಯ ಫೋನು: 'ಸಾಹೇಬ್ರ, ನಿಮ್ಮ ಹೆಸರಿಗೆ ಸಾಕ್ಷಿ ಸಮನ್ಸ್ ಐತ್ರಿ. ಬರದಿದ್ರ ವಾರಂಟ್ ಆಗತೈತಿ ನೋಡ್ರಿ.' ತಾರೀಖು ನೋಡಿದರೆ ಹರಿದ್ವಾರದಲ್ಲಿ ಇರಬೇಕಾದ ದಿನ.

ಅವರು ಟಿಕೆಟ್ ರದ್ದು ಮಾಡಿಸುತ್ತಾರೆ. ರಾತ್ರಿ ಬಸ್ಸು ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ಇನ್ನೊಂದು ಬಸ್ಸಿಗೆ. ಹತ್ತೂವರೆಗೆ ಕೋರ್ಟಿನ ವರಾಂಡದಲ್ಲಿ ನಿಂತರೆ ಮಧ್ಯಾಹ್ನದವರೆಗೆ ಯಾರೂ ಕರೆಯುವುದಿಲ್ಲ. ಊಟದ ನಂತರ ಕರೆದಾಗ ಆರೋಪಿಯ ಪರ ವಕೀಲರು ಇಲ್ಲ, ಬೇರೆ ಕೋರ್ಟಿನಲ್ಲಿ ಇದ್ದಾರಂತೆ. ಅವರ ಕಿರಿಯರೊಬ್ಬರು ಎದ್ದು ಸಮಯ ಕೇಳುತ್ತಾರೆ, ಸಮಯ ಸಿಗುತ್ತದೆ. ಬೆಂಚ್ ಕ್ಲರ್ಕ್ ಹೊಸ ತಾರೀಖು ಹೇಳಿ ಒಂದು ಸಹಿ ಮಾಡಿಸಿಕೊಳ್ಳುತ್ತಾರೆ. ಹೋದದ್ದು ಬಂದದ್ದು ಎರಡು ರಾತ್ರಿ. ಕಟಕಟೆಯಲ್ಲಿ ನಿಂತದ್ದು ಅರ್ಧ ನಿಮಿಷವೂ ಇಲ್ಲ.

ಇದನ್ನು ಓದುವ ಬ್ಯಾಂಕಿನವರು, ಮರಣೋತ್ತರ ಪರೀಕ್ಷೆ ಮಾಡಿ ಬೇರೆ ಊರಿಗೆ ಹೋದ ವೈದ್ಯರು, ಅಪಘಾತವೊಂದರ ಮಹಜರಿಗೆ ಸಹಿ ಹಾಕಿ ಮುಂಬೈಗೆ ದುಡಿಯಲು ಬಂದವರು ಇದರಲ್ಲಿ ಉತ್ಪ್ರೇಕ್ಷೆ ಇದೆ ಎನ್ನಲಾರರು. ಒಂದೇ ಸಲಕ್ಕೆ ಮುಗಿಯಿತಲ್ಲ, ಪುಣ್ಯವಂತ ಎಂದಾರು.

ಇಂಥ ಕಡೆ ಸಿದ್ಧವಾಗಿರುವ ಉತ್ತರವೊಂದಿದೆ: 'ರಜೆ ದೊಡ್ಡದೋ ನ್ಯಾಯ ದೊಡ್ಡದೋ?' ಪ್ರಶ್ನೆ ಕೇಳಲು ಗಂಭೀರವಾಗಿದೆ. ಆದರೆ ಈ ಪ್ರಶ್ನೆಯನ್ನು ಕೋರ್ಟು ಸಾಕ್ಷಿಗೆ ಮಾತ್ರ ಕೇಳುತ್ತದೆ. ವಕೀಲರಿಗೆ ಕೇಳುವುದಿಲ್ಲ, ತನಗೆ ತಾನೇ ಕೇಳಿಕೊಳ್ಳುವುದಂತೂ ಇಲ್ಲ. ಹೈಕೋರ್ಟುಗಳ ಬೇಸಿಗೆ ರಜೆ ಯಾವ ದಿನ ಶುರು, ಯಾವ ದಿನ ಮುಗಿಯುತ್ತದೆ ಎಂಬುದು ವರ್ಷದ ಕ್ಯಾಲೆಂಡರಿನಲ್ಲಿ ಮೊದಲೇ ಅಚ್ಚಾಗಿರುತ್ತದೆ. ಸುಪ್ರೀಂ ಕೋರ್ಟು 2024ರಲ್ಲಿ ತನ್ನ ಬೇಸಿಗೆ ರಜೆಯ ಹೆಸರನ್ನು 'ಭಾಗಶಃ ಕೆಲಸದ ದಿನಗಳು' ಎಂದು ಬದಲಾಯಿಸಿಕೊಂಡಿತು. ನ್ಯಾಯಾಧೀಶರಿಗೆ ರಜೆ ಬೇಡವೆಂದು ಯಾರೂ ಹೇಳಬೇಕಿಲ್ಲ, ತೀರ್ಪು ಬರೆಯಲು, ಓದಲು ಆ ದಿನಗಳು ಬೇಕು. ಮೊದಲೇ ಗೊತ್ತುಮಾಡಿಕೊಂಡ ರಜೆಯ ಬೆಲೆ ಇಷ್ಟು ಚೆನ್ನಾಗಿ ಬಲ್ಲ ಸಂಸ್ಥೆಗೆ, ಸಾಕ್ಷಿಗೂ ಒಂದು ಕ್ಯಾಲೆಂಡರ್ ಇರುತ್ತದೆ ಎಂಬುದು ಹೊಳೆಯದೇ ಇರುವುದು ಸೋಜಿಗ.

ಅಮೆರಿಕದ ವ್ಯವಸ್ಥೆಯನ್ನು ದೇವಲೋಕ ಎಂದುಕೊಳ್ಳಬೇಕಾಗಿಲ್ಲ. ಅಲ್ಲಿನ ಫೆಡರಲ್ ಕೋರ್ಟು ಜ್ಯೂರರಿಗೆ ಕೊಡುವುದು ದಿನಕ್ಕೆ 50 ಡಾಲರ್. ಕ್ಯಾಲಿಫೋರ್ನಿಯಾದ ರಾಜ್ಯ ಕೋರ್ಟುಗಳಲ್ಲಿ ಎರಡನೇ ದಿನದಿಂದ 15 ಡಾಲರ್, ಮೊದಲ ದಿನ ಏನೂ ಇಲ್ಲ. ದಿನಗೂಲಿಯವರಿಗೆ ಅದು ದಂಡವೇ ಸರಿ. ಮತದಾರರ ಪಟ್ಟಿಯ ಜೊತೆಗೆ ಚಾಲನಾ ಪರವಾನಗಿಯ ಪಟ್ಟಿಯಿಂದಲೂ ಹೆಸರು ಎತ್ತುವ ರಾಜ್ಯಗಳಲ್ಲಿ ಗ್ರೀನ್ ಕಾರ್ಡಿನವರಿಗೂ ಸಮನ್ಸ್ ಹೋಗುತ್ತದೆ. ಅವರು ತಾವು ನಾಗರಿಕರಲ್ಲ ಎಂದು ತುಂಬಿ ಕಳಿಸಬೇಕು. 'ಅಂಚೆಯಲ್ಲಿ ಬಂದದ್ದು ತಾನೇ, ಕಸದ ಬುಟ್ಟಿಗೆ ಹಾಕು' ಎಂಬ ಸಲಹೆ ಅಲ್ಲಿನ ನಮ್ಮವರಲ್ಲೂ ಓಡಾಡುತ್ತದೆ, ಅದು ಕೆಟ್ಟ ಸಲಹೆ. ಕಾರಣವಿಲ್ಲದೆ ತಪ್ಪಿಸಿಕೊಂಡವರಿಗೆ ಫೆಡರಲ್ ಕಾನೂನಿನಲ್ಲಿ 1,000 ಡಾಲರ್‌ವರೆಗೆ ದಂಡ, ಮೂರು ದಿನದವರೆಗೆ ಜೈಲು ಇದೆ. ಪ್ರವಾಸವಿದೆ ಎಂದು ಕೆಲಸವೇ ಮಾಫಿ ಆಗುವುದಿಲ್ಲ, ದಿನ ಮಾತ್ರ ಬದಲಾಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಅದನ್ನೇ. ಕರ್ತವ್ಯವನ್ನು ಬಿಟ್ಟುಕೊಡದೆ ದಿನದ ವಿಷಯದಲ್ಲಿ ಮಾತುಕತೆಗೆ ಕೋರ್ಟು ಸಿದ್ಧವಿದೆ.

ನಮ್ಮಲ್ಲಿ ಜ್ಯೂರಿ ಇಲ್ಲ. 1959ರ ನಾನಾವತಿ ಮೊಕದ್ದಮೆಯಲ್ಲಿ ಮುಂಬೈನ ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದದ್ದೇ ಜ್ಯೂರಿಯ ಸಾವಿಗೆ ಕಾರಣ ಎಂದು ಸಿನಿಮಾದವರು ಹೇಳಿಕೊಂಡು ಬಂದಿದ್ದಾರೆ. ಅದಕ್ಕೆ ಒಂದು ವರ್ಷ ಮೊದಲೇ, 1958ರಲ್ಲಿ, ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಬೇಡವೆಂದು ಹೇಳಿಯಾಗಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ. ಈಗ ಉಳಿದಿರುವುದು ಪಾರ್ಸಿ ವಿವಾಹ ಕಾಯ್ದೆಯಡಿ ನ್ಯಾಯಾಧೀಶರ ಪಕ್ಕ ಕೂರುವ ಐವರು ಸಮುದಾಯದ ಪ್ರತಿನಿಧಿಗಳು ಮಾತ್ರ. ಹೀಗಾಗಿ ತನ್ನದಲ್ಲದ ಮೊಕದ್ದಮೆಗೆ ಸಾಮಾನ್ಯ ಪ್ರಜೆಯೊಬ್ಬ ಕೋರ್ಟಿನೊಳಗೆ ಬರುವ ಬಾಗಿಲು ಒಂದೇ, ಸಾಕ್ಷಿ. ಫಿರ್ಯಾದಿಗೆ ನ್ಯಾಯ ಬೇಕು, ಆರೋಪಿಗೆ ಬಿಡುಗಡೆ ಬೇಕು, ವಕೀಲರಿಗೆ ಫೀಸು. ಸಾಕ್ಷಿಗೆ ಅಲ್ಲಿ ಏನೂ ಬೇಕಿಲ್ಲ. ಏನೂ ಬೇಡದೆ ಬಂದವನನ್ನು ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಬಹುದು ಎಂದು ಎಲ್ಲರೂ ತಿಳಿದಂತಿದೆ.

ಕಾನೂನು ಹಾಗೆ ಹೇಳುವುದಿಲ್ಲ ಎಂಬುದೇ ಹೆಚ್ಚು ಸಿಟ್ಟು ತರಿಸುವ ಸಂಗತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಮು, ಅದಕ್ಕೂ ಹಿಂದಿನ ಸಂಹಿತೆಯ 309ನೇ ಕಲಮು, ಎರಡೂ ಒಂದೇ ಮಾತು ಹೇಳುತ್ತವೆ. ಸಾಕ್ಷಿಗಳ ವಿಚಾರಣೆ ಶುರುವಾದರೆ ದಿನದಿನವೂ ನಡೆಯಬೇಕು. ಸಾಕ್ಷಿ ಬಂದು ಹಾಜರಿರುವಾಗ ಅವರನ್ನು ವಿಚಾರಿಸದೆ ಮುಂದೂಡಬಾರದು, ಮುಂದೂಡುವುದಾದರೆ ವಿಶೇಷ ಕಾರಣವನ್ನು ಬರೆದಿಡಬೇಕು. ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವೇ ಅಲ್ಲ. ವಾಯಿದೆ ಕೇಳಿದವರ ಮೇಲೆ ಖರ್ಚು ಹಾಕಲೂ ಅವಕಾಶವಿದೆ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಕಲಮನ್ನು 'ಮೈ ಲಾರ್ಡ್, ಒಂದು ಕೊನೆಯ ಅವಕಾಶ' ಎಂಬ ಒಂದು ಸಾಲು ದಿನವೂ ಸೋಲಿಸುತ್ತದೆ. ಕೊನೆಯ ಅವಕಾಶಗಳಿಗೆ ಕೊನೆಯೇ ಇಲ್ಲ.

ನ್ಯಾಯಾಂಗಕ್ಕೆ ಇದು ಗೊತ್ತಿಲ್ಲವೆಂದಲ್ಲ. 2000ದಲ್ಲಿ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಸಾಕ್ಷಿಗಳ ಪಾಡನ್ನು ಬರೆಯಿತು. ದೂರದಿಂದ ಬಂದವರನ್ನು ದಿನವಿಡೀ ಕಾಯಿಸಿ ವಾಪಸು ಕಳಿಸುತ್ತಾರೆ, ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ, ಸಾಕ್ಷಿ ಸುಸ್ತಾಗಿ ಕೈಬಿಡುವವರೆಗೂ ವಾಯಿದೆ ಕೇಳುವುದು ಒಂದು ತಂತ್ರವೇ ಆಗಿದೆ ಎಂಬ ಅರ್ಥದ ಮಾತುಗಳು ಅಲ್ಲಿವೆ. ಮೂರು ವರ್ಷದ ಬಳಿಕ, 2003ರಲ್ಲಿ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿ ತನ್ನ ವರದಿ ಕೊಟ್ಟಿತು. ಆ ವರದಿಯ ಬೇರೆ ಶಿಫಾರಸುಗಳ ಮೇಲೆ ಸಾಕಷ್ಟು ಜಗಳವಾಗಿದೆ, ಆಗಬೇಕಾದದ್ದೇ. ಆದರೆ ಸಾಕ್ಷಿಗಳಿಗೆ ಕೂರುವ ಜಾಗ, ಶೌಚಾಲಯ, ಕುಡಿಯುವ ನೀರು, ಅವರನ್ನು ವಿಚಾರಿಸಿಕೊಳ್ಳಲು ಒಬ್ಬ ಸಿಬ್ಬಂದಿ, ಭತ್ಯೆಯ ತಕ್ಷಣದ ಪಾವತಿ ಎಂದು ಅದು ಕೇಳಿದ್ದಕ್ಕೆ ಯಾರ ತಕರಾರೂ ಇರಲು ಸಾಧ್ಯವಿಲ್ಲ. ತಕರಾರಿಲ್ಲದ ಶಿಫಾರಸು ಬೇಗ ಮರೆತುಹೋಗುತ್ತದೆ.

ಸಿವಿಲ್ ಮೊಕದ್ದಮೆಗಳಲ್ಲಿ ಪರಿಸ್ಥಿತಿ ತುಸು ವಾಸಿ, ಊರು ಬಿಟ್ಟು ಬಂದವರು ಇದನ್ನು ತಿಳಿದಿರುವುದು ಒಳ್ಳೆಯದು. ಅಣ್ಣತಮ್ಮಂದಿರ ಹೊಲದ ಜಗಳಕ್ಕೆ ಚೆನ್ನೈಯಲ್ಲೋ ದೆಹಲಿಯಲ್ಲೋ ಇರುವ ನೆಂಟರನ್ನು ಸಾಕ್ಷಿಗೆ ಕರೆಸುವುದು ಮಾಮೂಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಆದೇಶದಂತೆ, ಕರೆಸುವವರು ಸಾಕ್ಷಿಯ ಪ್ರಯಾಣದ ಖರ್ಚನ್ನು ಕೋರ್ಟಿನಲ್ಲಿ ಕಟ್ಟಬೇಕು. ಕೋರ್ಟಿನ ವ್ಯಾಪ್ತಿಯ ಹೊರಗೆ 100 ಕಿಲೋಮೀಟರ್‌ಗಿಂತ ದೂರ ಇರುವವರನ್ನು ಖುದ್ದಾಗಿ ಬಾ ಎಂದು ಕಟ್ಟುಮಾಡುವಂತಿಲ್ಲ. ದಾರಿಯ ಆರರಲ್ಲಿ ಐದು ಪಾಲಿಗೆ ರೈಲೋ ಸ್ಟೀಮರೋ ಬೇರೆ ಸಾರ್ವಜನಿಕ ವಾಹನವೋ ಇದ್ದರೆ ಮಿತಿ 500 ಕಿಲೋಮೀಟರ್. ವಿಮಾನ ಸಂಪರ್ಕವಿದ್ದು ಅದರ ಖರ್ಚು ಕೊಟ್ಟರೆ ಮಾತ್ರ ಇನ್ನೂ ದೂರದಿಂದ ಕರೆಸಬಹುದು. ಸ್ಟೀಮರ್ ಕಾಲದಲ್ಲಿ ಈ ನಿಯಮ ಬರೆದವರಿಗೆ ಸಾಕ್ಷಿಯ ಕಾಲಿನ ಮೇಲೆ ಇದ್ದ ಕರುಣೆ, ಕ್ರಿಮಿನಲ್ ಕಾನೂನಿನಲ್ಲಿ ಇಲ್ಲ. ಅಲ್ಲಿ ದೂರಕ್ಕೆ ಮಿತಿಯಿಲ್ಲ, ಖರ್ಚು ಕೊಡುವುದು ಸರ್ಕಾರದ ನಿಯಮಕ್ಕೆ ಬಿಟ್ಟದ್ದು.

ಇಷ್ಟೆಲ್ಲ ಹೇಳಿದ ಮೇಲೂ ಎದುರಿನವರ ಒಂದು ಮಾತಿಗೆ ತಲೆಬಾಗಲೇಬೇಕು. ಜೈಲಿನಲ್ಲಿ ವಿಚಾರಣಾಧೀನ ಕೈದಿಯೊಬ್ಬನಿದ್ದಾನೆ. ಜಾಮೀನಿಗೆ ಜನ ಸಿಕ್ಕಿಲ್ಲ. ಸಾಕ್ಷಿ ಹರಿದ್ವಾರಕ್ಕೆ ಹೋದ ಕಾರಣಕ್ಕೆ ಅವನ ಮೊಕದ್ದಮೆ ಎರಡು ತಿಂಗಳು ಮುಂದೆ ಹೋದರೆ ಅಷ್ಟೂ ದಿನ ಅವನು ಬ್ಯಾರಕ್ಕಿನಲ್ಲಿ ಕೊಳೆಯಬೇಕು. ಅವನ ಮುಂದೆ ನಿಂತು ಗಂಗಾಸ್ನಾನದ ಟಿಕೆಟ್ ತೋರಿಸುವ ಮುಖ ಯಾರಿಗಿದೆ? ಯಾರಿಗೂ ಇಲ್ಲ. ಮಗಳನ್ನು ಕಳೆದುಕೊಂಡು ಆರು ವರ್ಷದಿಂದ ಕೋರ್ಟಿಗೆ ಅಲೆಯುವ ತಾಯಿಯ ಮುಂದೆಯೂ ಇಲ್ಲ. ಅಂಥ ಮೊಕದ್ದಮೆಯಾದರೆ ಪ್ರವಾಸವನ್ನು ಬಿಡಬೇಕು, ಎರಡು ಮಾತಿಲ್ಲ. ಆದರೆ ಆ ಕೈದಿಯನ್ನೇ ಕೇಳಿ ನೋಡಬಹುದು. ಅವನ ಎಷ್ಟು ವಾಯಿದೆಗಳು ಸಾಕ್ಷಿ ಬಾರದೆ ಹೋದವು, ಎಷ್ಟು ಸಾಕ್ಷಿ ಬಂದು ಬಾಗಿಲಲ್ಲಿ ನಿಂತಿರುವಾಗಲೇ ಹೋದವು ಎಂದು. ಒಮ್ಮೆ ಬಂದು ಸುಮ್ಮನೆ ಹಿಂದಿರುಗಿದ ಸಾಕ್ಷಿಯೇ ಮೂರನೆಯ ಸಲ ಬಾರದೆ ಉಳಿಯುವುದು. ನಾಲ್ಕನೆಯ ಸಲ ಬಂದರೆ 'ನನಗೆ ನೆನಪಿಲ್ಲ ಸ್ವಾಮಿ' ಎಂದು ಹೇಳಿ ಹೊರಡುತ್ತಾನೆ. ಪ್ರಾಸಿಕ್ಯೂಷನ್ ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಸಾರುತ್ತದೆ. ಅವನಿಗೆ ಯಾರೂ ದುಡ್ಡು ಕೊಟ್ಟಿರುವುದಿಲ್ಲ, ಬೆದರಿಸಿಯೂ ಇರುವುದಿಲ್ಲ, ಅವನಿಗೆ ಸಾಕಾಗಿರುತ್ತದೆ ಅಷ್ಟೆ. ರಸ್ತೆಯಲ್ಲಿ ಬಿದ್ದವರನ್ನು ಕಂಡೂ ಜನ 'ಊರ ಉಸಾಬರಿ ನಮಗ್ಯಾಕೆ' ಎಂದು ಗಾಡಿ ಮುಂದಕ್ಕೆ ಬಿಡುವುದರ ಹಿಂದೆ ಇಂಥ ವರಾಂಡಗಳ ನೆನಪು ಇದೆ.

ದಂಡದ ಪಟ್ಟಿ ನೋಡಿದರೆ ತಕ್ಕಡಿ ಎತ್ತ ವಾಲಿದೆ ಎಂದು ತಿಳಿಯುತ್ತದೆ. ಸಮನ್ಸ್ ಮುಟ್ಟಿಯೂ ಬಾರದ ಸಾಕ್ಷಿಗೆ ಹೊಸ ಸಂಹಿತೆಯ 389ನೇ ಕಲಮಿನಲ್ಲಿ 500 ರೂಪಾಯಿವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 208ನೇ ಕಲಮು ಹಾಕಿದರೆ ಆರು ತಿಂಗಳವರೆಗೆ ಸಜೆ, 10,000 ರೂಪಾಯಿವರೆಗೆ ದಂಡ. ಬಂದೂ ಬರಿಗೈಯಲ್ಲಿ ಹೋದ ಸಾಕ್ಷಿಯ ರದ್ದಾದ ಟಿಕೆಟಿಗೆ, ಕಳೆದ ರಜೆಗೆ, ಆ ವಾಯಿದೆ ಕೇಳಿದವರಿಂದ ಹಣ ಕೊಡಿಸಬಹುದು ಎಂಬ ಅವಕಾಶ ಕಾಗದದ ಮೇಲೆ ಇದ್ದರೂ ಅದನ್ನು ಕೈಗೆ ಪಡೆದವರನ್ನು ಹುಡುಕಬೇಕು.

ಆಗಬೇಕಾದದ್ದು ಕ್ರಾಂತಿಯಲ್ಲ. ದೂರದ ಸಾಕ್ಷಿಯ ತಾರೀಖು ನಿಗದಿ ಮಾಡುವ ಮುನ್ನ ಒಂದು ಫೋನು, 'ಈ ಮೂರು ದಿನಗಳಲ್ಲಿ ಯಾವುದು ಆಗುತ್ತದೆ' ಎಂಬ ಒಂದು ಪ್ರಶ್ನೆ. ಒಮ್ಮೆ ಒಪ್ಪಿದ ದಿನವನ್ನು ಆಮೇಲೆ ಯಾರೇ ತಪ್ಪಿಸಿದರೂ, ಸಾಕ್ಷಿಯಾಗಲಿ ವಕೀಲರಾಗಲಿ, ಅವರೇ ಖರ್ಚು ತೆರಬೇಕು. ವಾಯಿದೆ ಹಿಂದಿನ ದಿನವೇ ಗೊತ್ತಿದ್ದರೆ ಒಂದು ಸಂದೇಶ. ಆಸ್ಪತ್ರೆಯ ಅಪಾಯಿಂಟ್‌ಮೆಂಟಿಗೆ, ಗ್ಯಾಸ್ ಸಿಲಿಂಡರಿಗೆ ಬರುವ ಸಂದೇಶ ಕೋರ್ಟಿನಿಂದ ಬಂದರೆ ನ್ಯಾಯದ ಗಾಂಭೀರ್ಯಕ್ಕೆ ಕುಂದಾಗದು. ಇನ್ನು ವಿಡಿಯೋ ಮೂಲಕ ಸಾಕ್ಷ್ಯ ಪಡೆಯಬಹುದು ಎಂದು ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಡಾ. ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದು 2003ರಲ್ಲಿ. ಕರ್ನಾಟಕ ಹೈಕೋರ್ಟು ಅದಕ್ಕೆ ನಿಯಮಗಳನ್ನು ಮಾಡಿದ್ದು 2020ರಲ್ಲಿ. ಹೊಸ ಸಂಹಿತೆಯ 530ನೇ ಕಲಮೂ ಅದಕ್ಕೆ ದಾರಿ ಬಿಟ್ಟಿದೆ. ಪುಣೆಯ ಅಧಿಕಾರಿ ಪುಣೆಯ ಕೋರ್ಟಿಗೇ ಹೋಗಿ, ಕ್ಯಾಮೆರಾ ಮುಂದೆ ನಿಂತು, 'ಹೌದು, ಈ ಅಡವು ಚೀಟಿಯ ಮೇಲಿನ ಸಹಿ ನನ್ನದು' ಎಂದು ಹೇಳಿ ಪಾಟೀ ಸವಾಲಿಗೆ ಉತ್ತರ ಕೊಟ್ಟು ಮಧ್ಯಾಹ್ನಕ್ಕೆ ಬ್ಯಾಂಕಿಗೆ ಹಿಂದಿರುಗುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಅಡ್ಡಿ ಇರುವುದು ಅಭ್ಯಾಸದಲ್ಲಿ. ಮುಖ ನೋಡಿ ಸತ್ಯ ಅಳೆಯಬೇಕಾದ ಪ್ರತ್ಯಕ್ಷ ಸಾಕ್ಷಿಯ ಮಾತು ಬೇರೆ, ಸಹಿ ಗುರುತಿಸುವವರ ಮಾತು ಬೇರೆ. ಎರಡನ್ನೂ ಒಂದೇ ಗಾಣಕ್ಕೆ ಹಾಕಲಾಗುತ್ತಿದೆ.

ಕೋರ್ಟು ತಾನಾಗಿ ಕೇಳುವವರೆಗೆ ಸಾಕ್ಷಿಯೇ ಕೇಳಬೇಕು. ಸಮನ್ಸ್ ಬಂದಾಗ ಫೋನು ಎತ್ತದೆ ಅಡಗಿಕೊಳ್ಳುವುದು, ಮನೆಯಲ್ಲಿ ಇಲ್ಲವೆಂದು ಹೇಳಿಸುವುದು ವಾರಂಟಿಗೆ ಆಹ್ವಾನ. ಪ್ರಕರಣದ ಸಂಖ್ಯೆ ಬರೆದು, ಟಿಕೆಟಿನ ಪ್ರತಿ ಲಗತ್ತಿಸಿ, ಆ ತಾರೀಖಿಗೆ ಬರಲಾಗದ ಕಾರಣ ಹೇಳಿ, ಬರಬಹುದಾದ ಮೂರು ತಾರೀಖುಗಳನ್ನು ತಾವೇ ಸೂಚಿಸಿ, ವಿಡಿಯೋ ಮೂಲಕ ಹೇಳಿಕೆಗೆ ಸಿದ್ಧ ಎಂದು ಸೇರಿಸಿ ಕೋರ್ಟಿಗೂ ಸರ್ಕಾರಿ ವಕೀಲರಿಗೂ ಪತ್ರ ಕಳಿಸಬೇಕು. ಪತ್ರ ಹೋಯಿತೆಂದು ನಿಶ್ಚಿಂತರಾಗುವಂತಿಲ್ಲ, ಕೋರ್ಟು ಒಪ್ಪಿತೇ ಎಂದು ಸರ್ಕಾರಿ ವಕೀಲರನ್ನು ವಿಚಾರಿಸಬೇಕು, ಒಪ್ಪದಿದ್ದರೆ ಹೋಗಬೇಕು. ಹೋಗಿ ಸುಮ್ಮನೆ ಹಿಂದಿರುಗಬೇಕಾಗಿ ಬಂದರೆ, ಹಾಜರಾದ ಬಗ್ಗೆ ಪ್ರಮಾಣಪತ್ರ ಮತ್ತು ಭತ್ಯೆ ಎರಡನ್ನೂ ಬಾಯಿಬಿಟ್ಟು ಕೇಳಿ ಪಡೆದೇ ಬಸ್ಸು ಹತ್ತಬೇಕು. ಭತ್ಯೆ ಎಂದಾಗ ಕ್ಲರ್ಕ್ ಮುಖ ಮೇಲೆತ್ತಿ ನೋಡಬಹುದು. ನೋಡಲಿ.