ಹತ್ತು ಮಣಿ ಎಂದರೆ ಎಷ್ಟು?

ಕಳೆದ ಬೇಸಿಗೆ ರಜೆಯಲ್ಲಿ ಬದಿಯಡ್ಕದ ಕಡೆಯ ಒಂದು ಮನೆಯಲ್ಲಿ ಕಂಡ ಸಂಗತಿಯಿದು. ಅಜ್ಜಿ ಜಗಲಿಯಲ್ಲಿ ಕುಳಿತು, ನೂಲು ಕಡಿದುಹೋದ ಹಳೆಯ ಮಣಿ ತೋರಣವೊಂದನ್ನು ಸರಿಪಡಿಸುತ್ತಿದ್ದರು. ಏಳು ವರ್ಷದ ಪುಳ್ಳಿಯನ್ನು ಕರೆದು, "ಮಗಾ, ಆ ಬಟ್ಟಲಿನಿಂದ ಹತ್ತು ಮಣಿ ಹೆಕ್ಕಿ ಕೊಡು" ಎಂದರು. ಹುಡುಗ ಗೋಡೆಯ ಗಡಿಯಾರ ನೋಡಿ, "ಹತ್ತು ಮಣಿ ಆಗಲಿಲ್ಲ ಅಜ್ಜಿ, ಒಂಬತ್ತೂವರೆ ಅಷ್ಟೆ" ಎಂದ. ಮನೆಯವರೆಲ್ಲ ನಕ್ಕರು. ಮಲಯಾಳದಲ್ಲಿ 'ಪತ್ತು ಮಣಿ' ಎಂದರೆ ಹತ್ತು ಗಂಟೆ. ಹುಡುಗ ಕೇಳಿ ಬಲ್ಲ 'ಮಣಿ' ಅದೊಂದೇ. ನಗುವ ವಿಷಯವೇ ಹೌದು, ಆದರೆ ನಕ್ಕು ಮರೆಯುವ ವಿಷಯವಲ್ಲ.

ಇದರಲ್ಲಿ ಮಲಯಾಳದ ತಪ್ಪೇನೂ ಇಲ್ಲ. ಅದು ನಮ್ಮ ಸೋದರ ಭಾಷೆ. ಹಳಗನ್ನಡದಲ್ಲಿ ಪೋಣಿಸುವುದಕ್ಕೆ 'ಕೋ' ಎನ್ನುತ್ತಿದ್ದರು. ಮಲಯಾಳದವರು ಇಂದಿಗೂ ಮಾಲೆಯನ್ನು 'ಕೋರ್ಕ್ಕು'ತ್ತಾರೆ. ಕಚೇರಿ, ಆಸ್ಪತ್ರೆ, ಬಸ್ಸುಗಳಲ್ಲಿ ಬೇಕಾಗುವ ಆ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲಿ. ಪ್ರಶ್ನೆ ಇರುವುದು ಬೇರೆ ಕಡೆ. ಮನೆಯಲ್ಲಿ ಮಣಿಯೇ ಇಲ್ಲದಿದ್ದರೆ ಮಣಿ ಎಂಬ ಕನ್ನಡದ ಮಾತು ಮಗುವಿನ ಕಿವಿಗೆ ಬೀಳುವುದಾದರೂ ಎಲ್ಲಿಂದ?

ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಮಣಿಗೆ ಬರವಿರಲಿಲ್ಲ. ಬಾಗಿಲಿಗೆ ಮಣಿಯ ತೋರಣ, ಗೋಡೆಗೆ ಗಾಜು ಹಾಕಿಸಿದ ಮಣಿಯ ಕೃಷ್ಣ, ತೊಟ್ಟಿಲಿಗೆ ಮಣಿಯ ಗಿಣಿ, ಅಮ್ಮನ ಕೊರಳಲ್ಲಿ ಕರಿಮಣಿ. ಮನೆಯಿಂದ ಹೊರಗೆ ಬಂದರೆ ಆಟದ ಚೌಕಿ. ತೆಂಕುತಿಟ್ಟಿನ ವೇಷದ ಎದೆಗೆ, ತೋಳಿಗೆ, ಕೈಗೆ ಕಟ್ಟುವ ಮಣಿಸಾಮಾನು ದೀಪದ ಬೆಳಕಿಗೆ ಮಿನುಗುವುದನ್ನು ನೋಡುತ್ತಲೇ ನಾವು ಬೆಳೆದವರು. ಯಕ್ಷಗಾನದ ಪಿತಾಮಹನೆಂದು ಹೆಸರಾದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಗೊಂಬೆಗಳು ಅದೇ ತೆಂಕುತಿಟ್ಟಿನ ವೇಷವನ್ನು ಪುಟ್ಟ ಮೈಯಲ್ಲಿ ತೊಟ್ಟು ದೇಶವಿದೇಶ ಸುತ್ತಿ ಬಂದಿವೆ. ಮಣಿ ಕೆಲಸ ಹೆಣ್ಣುಮಕ್ಕಳಿಗೆ ಮಾತ್ರ ಎನ್ನುವವರು ಒಮ್ಮೆ ಚೌಕಿಯ ಪೆಟ್ಟಿಗೆ ಬಿಚ್ಚಿ ನೋಡಬೇಕು. ಅಲ್ಲಿಯ ಸಾಮಾನನ್ನು ಕಟ್ಟಿದವರು ಹೆಚ್ಚಾಗಿ ಗಂಡಸರೇ.

1956ರ ನವಂಬರ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯಿಂದ ಉತ್ತರದ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ಅಂದಿನಿಂದ ಪಠ್ಯಪುಸ್ತಕಕ್ಕಾಗಿ, ನಾಮಫಲಕಕ್ಕಾಗಿ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ನಮ್ಮವರು ಮನವಿ ಕೊಡುತ್ತ, ಧರಣಿ ಕೂರುತ್ತ ಬಂದಿದ್ದಾರೆ. ಈ ಹೋರಾಟ ನಿಲ್ಲತಕ್ಕದ್ದಲ್ಲ. ಆದರೆ ನಮ್ಮ ಜಗಲಿಯಲ್ಲಿ ಮಕ್ಕಳೊಡನೆ ಕನ್ನಡದಲ್ಲಿ ಕೆಲಸ ಮಾಡುವುದಕ್ಕೆ ಯಾವ ಸರಕಾರದ ಆದೇಶ ಬೇಕು? ಅಲ್ಲಿ ಸೋತರೆ ಆ ಸೋಲಿಗೆ ನಾವೇ ಹೊಣೆ.

'ಕೆಲಸ ಮಾಡುವುದಕ್ಕೆ' ಎಂದು ಬೇಕೆಂದೇ ಬರೆದಿದ್ದೇನೆ. "ಬಾ, ಕನ್ನಡ ಮಾತಾಡೋಣ" ಎಂದು ಯಾವ ಮಗುವನ್ನೂ ಕೂರಿಸಲಾಗದು. ಕೈಗೆ ಕೆಲಸ ಕೊಟ್ಟರೆ ಮಾತು ತಾನೇ ಬರುತ್ತದೆ. ಎಳೆ, ಸರ, ಗಂಟು, ಕುಣಿಕೆ, ಸಡಿಲ, ಬಿಗಿ, ಬಿಚ್ಚು, ಪೋಣಿಸು — ಒಂದು ಗಂಟೆಯ ಮಣಿ ಕೆಲಸದಲ್ಲಿ ಇಂತಹ ಇಪ್ಪತ್ತು ಮಾತು ಬಂದುಹೋಗುತ್ತವೆ. ಲೆಕ್ಕವೂ ಬರುತ್ತದೆ. ಎರಡು ಸೂಜಿಯ ಕೆಲಸದಲ್ಲಿ ನಾಲ್ಕು ಮಣಿ ಸೇರಿದರೆ ಒಂದು ಚೌಕ. ಅದರ ಪಕ್ಕದ ಚೌಕಕ್ಕೆ ಒಂದು ಮಣಿ ಆಗಲೇ ಸಿಕ್ಕಿರುವುದರಿಂದ ಮೂರೇ ಸಾಕು. ಹಾಗಾದರೆ ಹತ್ತು ಚೌಕದ ಸಾಲಿಗೆ ಎಷ್ಟು ಮಣಿ? ನಲುವತ್ತು ಎಂದು ಮಗು ಹೇಳಲಿ. ಪೋಣಿಸಿ ನೋಡಿದಾಗ 31 ಎಂದು ತಾನೇ ಕಂಡುಕೊಳ್ಳುತ್ತದೆ. ಒಂದು ಮಣಿ ತಪ್ಪಿದರೆ ಗಿಣಿಯ ಕೊಕ್ಕು ವಾರೆಯಾಗುತ್ತದೆ. ಬಿಚ್ಚಿ ಮತ್ತೆ ಮಾಡಬೇಕು. ತಾಳ್ಮೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪದೇಶ ನನಗೆ ತಿಳಿಯದು.

"ಶಾಲೆಯಲ್ಲಿ ಇದೆಲ್ಲ ಇದೆಯಲ್ಲ" ಎನ್ನುವವರಿದ್ದಾರೆ. ಇದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆಯೂ ಇದೆ, ಸಂತೋಷ. ಆದರೆ ಅಲ್ಲಿ ಅಂಕ, ಬಹುಮಾನಗಳ ಅವಸರ. ಅಜ್ಜಿಯ ಕಣ್ಣಿಗೆ ಸೂಜಿಯ ತೂತು ಕಾಣದಾಗಿ, ಪುಳ್ಳಿ ನೂಲು ಹಾಕಿಕೊಟ್ಟು, ಅದರ ಬದಲಿಗೆ ಆ ತೋರಣ ಯಾರ ಮದುವೆಗೆ ಕಟ್ಟಿದ್ದೆಂಬ ಕತೆ ಕೇಳುವುದು ಶಾಲೆಯಲ್ಲಿ ನಡೆಯುವ ಮಾತಲ್ಲ. ಸಮಯವಿಲ್ಲ ಎನ್ನುವವರಿಗೆ ಒಂದೇ ಮಾತು: ದಿನವೂ ಬೇಡ, ಆದಿತ್ಯವಾರ ಒಂದು ಗಂಟೆ ಸಾಕು. ಆ ಗಂಟೆಯ ಮಟ್ಟಿಗೆ ಮೊಬೈಲು ಕಪಾಟಿನಲ್ಲಿರಲಿ, ನಮ್ಮದೂ ಸೇರಿ.

ಒಂದೆರಡು ಎಚ್ಚರಿಕೆಯನ್ನೂ ಹೇಳಬೇಕು. ಮೂರು ವರ್ಷಕ್ಕಿಂತ ಸಣ್ಣ ಮಕ್ಕಳ ಕೈಗೆ ಮಣಿ ಸಿಗಬಾರದು. ಬಾಯಿಗೋ ಮೂಗಿಗೋ ಹೋದರೆ ಪ್ರಾಣಕ್ಕೆ ಕುತ್ತು. ಐದಾರು ವರ್ಷದವರಿಗೆ ದೊಡ್ಡ ಮಣಿ, ದಪ್ಪ ನೂಲು ಕೊಟ್ಟು ಹತ್ತಿರವೇ ಕುಳಿತುಕೊಳ್ಳಿ. ಅಂಗಡಿಯಲ್ಲಿ ಮಣಿಯ ನಂಬ್ರ ಹೆಚ್ಚಾದಷ್ಟೂ ಮಣಿ ಸಣ್ಣದೆಂಬುದು ನೆನಪಿರಲಿ. ಹಿತ್ತಿಲಿನ ಗುಲಗಂಜಿಯನ್ನಂತೂ ಪೋಣಿಸಲು ಕೊಡಲೇಬೇಡಿ. ಅದರ ತಿರುಳು ಕಡು ವಿಷ. ಸಿಪ್ಪೆ ಗಟ್ಟಿಯಿರುವಷ್ಟು ದಿನ ಅಪಾಯ ಕಡಿಮೆ, ತೂತು ಮಾಡಿದರೆ ಬಹಳ ಹೆಚ್ಚು.

ಮತ್ತೆ ಆ ಜಗಲಿಗೆ ಬರುತ್ತೇನೆ. ನಕ್ಕು ಮುಗಿದ ಮೇಲೆ ಅಜ್ಜಿ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಂಗೈಯಲ್ಲಿ ಒಂದೊಂದೇ ಮಣಿ ಇಡುತ್ತ ಒಂದು, ಎರಡು ಎಂದು ಎಣಿಸಿದರು. ಹತ್ತಕ್ಕೆ ಮುಟ್ಟುವಾಗ ಗಡಿಯಾರದಲ್ಲೂ ಹತ್ತು ಹೊಡೆಯಿತು. ಹುಡುಗ ಎದ್ದು ಹೋಗಲಿಲ್ಲ. ನಮ್ಮ ಮನೆಗಳಲ್ಲಿ ಅಂತಹ ಅಜ್ಜಿಯಂದಿರು ಇನ್ನೂ ಇದ್ದಾರೆ. ಅವರು ಇರುವಾಗಲೇ ಮಕ್ಕಳನ್ನು ಪಕ್ಕದಲ್ಲಿ ಕೂರಿಸುವುದು ತಂದೆತಾಯಂದಿರ ಕರ್ತವ್ಯ.