ಹೊರಗೆ ಊಟಕ್ಕೆ ಹೋದಾಗ



ಕಳೆದ ತಿಂಗಳು ಸಂಘದ ಸಭಾಗೃಹದಲ್ಲಿ ತಾಳಮದ್ದಳೆ ಮುಗಿದು ಎಲ್ಲರೂ ಚಹಾಕ್ಕೆ ನಿಂತಿದ್ದಾಗ ನಿಮ್ಮಲ್ಲೇ ಒಬ್ಬಳು ನನ್ನನ್ನು ಹಿಡಿದು ನಿಲ್ಲಿಸಿದಳು. "ಆಂಟಿ, ನಿಮ್ಮ ಅಂಕಣವನ್ನು ಅಮ್ಮ ಓದಿ ಹೇಳುತ್ತಾಳೆ. ಯಾವಾಗ ನೋಡಿದರೂ ಪತ್ರೊಡೆ, ಕಡುಬು, ಮಾವಿನಹಣ್ಣಿನ ಗೊಜ್ಜು. ನಾವು ಶನಿವಾರ ಹೊರಗೆ ತಿನ್ನುತ್ತೇವಲ್ಲ, ಅದರ ಬಗ್ಗೆಯೂ ಒಮ್ಮೆ ಬರೆಯಿರಿ. ಆದರೆ ಬೈಯಬಾರದು!" ಎಂದಳು.

ಬೈಯುವುದಿಲ್ಲ. ಬೈಯುವ ಹಕ್ಕೂ ನನಗಿಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಾತ್ರೆಯ ಹಿಂದೆ ಒಂದು ಸಣ್ಣ ರಟ್ಟಿನ ಡಬ್ಬಿ ಇರುತ್ತದೆ. ಅದರಲ್ಲಿ ಪೇಸ್ಟ್ರಿ ಇರುತ್ತದೆ ಎಂಬುದು ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲ ಅಂತ ನಾನು ಅಂದುಕೊಂಡಿರುತ್ತೇನೆ, ಅಷ್ಟೆ.

ನಾನು ಮದುವೆಯಾಗಿ ಮುಂಬಯಿಗೆ ಬಂದದ್ದು 1992ರಲ್ಲಿ. ಅಲ್ಲಿಯವರೆಗೆ ನನ್ನ ಪಾಲಿಗೆ ಹೊರಗೆ ತಿನ್ನುವುದೆಂದರೆ ಉಡುಪಿಯ ಗೋಳಿಬಜೆ, ಪರೀಕ್ಷೆ ಮುಗಿದ ದಿನ ಒಂದು ಗಡ್‌ಬಡ್ ಐಸ್‌ಕ್ರೀಮು. ಇಂಗ್ಲಿಷ್ ಬಿ.ಎ. ಓದಿದವಳಾದ್ದರಿಂದ ಕಾದಂಬರಿಗಳಲ್ಲಿ ಬರುವ ಟಾರ್ಟು, ಪುಡ್ಡಿಂಗುಗಳ ಹೆಸರು ಬಾಯಿಪಾಠವಾಗಿತ್ತು. ರುಚಿ ಮಾತ್ರ ಗೊತ್ತಿರಲಿಲ್ಲ. ಮುಂಬಯಿಯಲ್ಲಿ ಇವರು ನನಗೆ ಮೊದಲು ತಿನ್ನಿಸಿದ್ದು ಗ್ರಾಂಟ್ ರೋಡ್ ಸ್ಟೇಷನ್ ಎದುರಿನ ಮೆರ್ವಾನ್‌ನ ಮಾವಾ ಕೇಕು. 1914ರಲ್ಲಿ ಶುರುವಾದ ಇರಾನಿ ಅಂಗಡಿ ಅದು. ಕಾಗದದ ಬಟ್ಟಲಿನಲ್ಲಿ ಬೆಚ್ಚಗೆ, ಏಲಕ್ಕಿಯ ಘಮದೊಂದಿಗೆ ಬಂದ ಆ ಕೇಕನ್ನು ಮುರಿದಾಗ ನನಗೆ ಅನಿಸಿದ್ದು, ಇದು ಪರದೇಶದ ಸೊಸೆಯಾದರೂ ಸೀರೆ ಉಟ್ಟು ಬಂದಿದೆ ಎಂದು. ಮಾವಾ ಅಂದರೆ ನಮ್ಮ ಖೋವಾ ತಾನೆ?

ಹೊಸ ತಿಂಡಿ ಎದುರಿಗೆ ಬಂದಾಗ ನಮ್ಮ ಅಡುಗೆಮನೆಯಲ್ಲಿ ಅದಕ್ಕೊಂದು ನೆಂಟಸ್ತಿಕೆ ಹುಡುಕುವುದು ಆಗಿನಿಂದಲೇ ನನಗೆ ಅಭ್ಯಾಸ. ನೀವೂ ಮಾಡಿ ನೋಡಿ. ಚಿರೋಟಿ ಮಾಡುವಾಗ ಅಮ್ಮ ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಸೇರಿಸಿ ನಾದಿದ ಸಾಟಿ ಸವರಿ, ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಕರಿಯುವುದನ್ನು ನೋಡಿದ್ದೀರಲ್ಲ? ಫ್ರಾನ್ಸಿನವರ ಕ್ರೊಸಾಂ ಕೂಡ ಅದೇ ಯುಕ್ತಿ. ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಮೂರು ಮಡಿಕೆ ಮಾಡುತ್ತಾರೆ. ತಣ್ಣಗಿಟ್ಟು ಲಟ್ಟಿಸಿ ಮತ್ತೆ ಮಡಚುತ್ತಾರೆ. ಹೀಗೆ ಮೂರು ಸಲ ಮಾಡಿದರೆ ಬೆಣ್ಣೆಯ ಪದರ 27 ಆಗುತ್ತದೆ. ಪಫ್ ಪೇಸ್ಟ್ರಿಗೆ ಆರು ಸಲ ಮಡಚಿದರೆ 729. ಒಲೆಯ ಬಿಸಿಗೆ ಒಳಗಿನ ನೀರಿನಂಶ ಆವಿಯಾಗಿ ಪದರಗಳನ್ನು ಎತ್ತುತ್ತದೆ. ಬೆಣ್ಣೆ ಕರಗಿ ಹಿಟ್ಟಿನಲ್ಲಿ ಬೆರೆತುಹೋದರೆ ಪದರವೇ ಇಲ್ಲ, ಅದಕ್ಕೇ ನಡುನಡುವೆ ತಣ್ಣಗಿಡುವುದು. ನಮ್ಮ ಮುಂಬಯಿಯ ಮೇ ತಿಂಗಳಲ್ಲಿ ನಾನೊಮ್ಮೆ ಮನೆಯಲ್ಲಿ ಪ್ರಯತ್ನಿಸಿದೆ. ಆದದ್ದು ಕ್ರೊಸಾಂ ಅಲ್ಲ, ಬೆಣ್ಣೆ ಬನ್ನು.

ಎಕ್ಲೇರ್ ಇನ್ನೊಂದು. ಅದರ ಹಿಟ್ಟನ್ನು ಮೊದಲು ಒಲೆಯ ಮೇಲೆಯೇ ನೀರು, ಬೆಣ್ಣೆಯ ಜೊತೆ ಮಗುಚಿ, ಆಮೇಲೆ ಮೊಟ್ಟೆ ಸೇರಿಸುತ್ತಾರೆ. ಅಕ್ಕಿರೊಟ್ಟಿಗೆ ನಾವು ಹಿಟ್ಟು ಉಕ್ಕರಿಸುವುದು ನೆನಪಾಗಲಿಲ್ಲವೆ? ಇಷ್ಟು ತಿಳಿದಿದ್ದರೆ ಗಾಜಿನ ಕಪಾಟಿನೆದುರು ನಿಂತಾಗ ಹೆದರಿಕೆಯಾಗುವುದಿಲ್ಲ. ಹೆಸರು ಉಚ್ಚರಿಸಲು ಬಾರದಿದ್ದರೆ ಬೆರಳು ತೋರಿಸಿ, "ಇದೆಂತದ್ದು?" ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ನಾಚಿಕೆ ಎಂದೆನಲ್ಲ, ಈ ಸಲ ಬರೆಯಬೇಕೆಂದು ಕುಳಿತದ್ದೇ ಆ ವಿಷಯವನ್ನು. ನಿಮಗೆ ಬುದ್ಧಿ ಹೇಳುವ ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ.

ನಮ್ಮವರು ಕುಂದಾಪುರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದದ್ದು 1977ರಲ್ಲಿ, ಹದಿನಾಲ್ಕರ ಹುಡುಗನಾಗಿ. ಊರಿನವರೊಬ್ಬರು ಕರೆತಂದು ಕೋಟೆ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಬಿಟ್ಟರು. ಮೊದಲು ಪಾತ್ರೆ ತೊಳೆಯುವ ಕೆಲಸ, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಬೆಳಿಗ್ಗೆ ಐದಕ್ಕೆ ಎದ್ದರೆ ಸಂಜೆ ಕನ್ನಡ ರಾತ್ರಿಶಾಲೆ. ರಾತ್ರಿ ಹೋಟೆಲಿನ ಟೇಬಲುಗಳನ್ನೇ ಜೋಡಿಸಿ ಅದರ ಮೇಲೆ ನಿದ್ದೆ. ಹಾಗೆ ಓದಿ ಮೆಟ್ರಿಕ್ ಮುಗಿಸಿ, ಒಂದು ಕಚೇರಿಯಲ್ಲಿ ಗುಮಾಸ್ತರಾದರು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಜ್ಜ, ದೊಡ್ಡಪ್ಪಂದಿರ ಕಥೆಯೂ ಇದೇ. ಮುಂಬಯಿ ಕನ್ನಡಿಗರಲ್ಲಿ ಬಹಳ ಮಂದಿ ಈ ಊರಿಗೆ ಕಾಲಿಟ್ಟದ್ದು ಹೋಟೆಲಿನ ಹಿಂಬಾಗಿಲಿನಿಂದ.

2017ರಲ್ಲಿ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಮಗಳಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. "ಪಪ್ಪಾ, ಅಮ್ಮಾ, ಈ ಸಲ ನನ್ನ ಲೆಕ್ಕ" ಎಂದು ದಕ್ಷಿಣ ಮುಂಬಯಿಯ ಒಂದು ದೊಡ್ಡ ರೆಸ್ಟೊರೆಂಟಿಗೆ ಕರೆದುಕೊಂಡು ಹೋದಳು. ಬಿಳಿಯ ಮೇಜುಬಟ್ಟೆ, ಮೇಣದಬತ್ತಿ, ಮೂರು ತರಹದ ಚಮಚ. ನಾನು ಕಾಂಜೀವರಂ ಉಟ್ಟಿದ್ದೆ. ಪುಸ್ತಕದಲ್ಲಿ ಓದಿದ ಇಂಗ್ಲಿಷ್ ಶಿಷ್ಟಾಚಾರವನ್ನೆಲ್ಲ ಆ ದಿನ ಹೊರಗೆ ತೆಗೆದಿದ್ದೆ; ಯಾವ ಫೋರ್ಕು ಮೊದಲು, ನ್ಯಾಪ್‌ಕಿನ್ ಎಲ್ಲಿ ಎಂದು ಮಗನಿಗೆ ಪಾಠವೂ ಆಯಿತು.

ಊಟ ಚೆನ್ನಾಗಿತ್ತು. ಮುಗಿಯುವ ಹೊತ್ತಿಗೆ ನೋಡುತ್ತೇನೆ, ಇವರು ನಮ್ಮೆಲ್ಲರ ತಟ್ಟೆಗಳನ್ನು ಹತ್ತಿರ ಎಳೆದು ಒಂದರ ಮೇಲೊಂದು ಜೋಡಿಸುತ್ತಿದ್ದಾರೆ. ದೊಡ್ಡದು ಅಡಿಗೆ, ಸಣ್ಣದು ಮೇಲೆ, ಬಟ್ಟಲು ಬಟ್ಟಲೊಳಗೆ, ಚಮಚಗಳೆಲ್ಲ ಒಂದೇ ಕಡೆ. ಮನೆಯಲ್ಲಿಯೂ ಹಾಗೆಯೇ ಮಾಡುತ್ತಾರೆ. ಪಕ್ಕದ ಮೇಜಿನವರು ನಮ್ಮ ಕಡೆ ನೋಡಿದ ಹಾಗಾಯಿತು. ನಾನು ತಗ್ಗಿದ ಧ್ವನಿಯಲ್ಲಿ, "ಬಿಡಿ, ಎಂತ ಮಾಡುತ್ತೀರಿ? ಇದು ನಿಮ್ಮ ಆ ಹೋಟೆಲಲ್ಲ, ಜನ ನೋಡುತ್ತಾರೆ" ಎಂದೆ.

ಇವರು ತಟ್ಟೆ ಬಿಟ್ಟರು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಮಗಳು ಹೇಳಿ ಮಾಡಿಸಿದ ಚಾಕೊಲೇಟ್ ಪೇಸ್ಟ್ರಿ ಬಂತು, ಮೇಲೆ ನಮ್ಮಿಬ್ಬರ ಹೆಸರು ಬರೆದಿತ್ತು. "ಹೊಟ್ಟೆ ತುಂಬಿತು" ಎಂದು ಇವರು ಮುಟ್ಟಲಿಲ್ಲ. ನಾನು ತಿಂದೆ. ರುಚಿಯಾಗಿತ್ತು ಎಂದೂ ನೆನಪಿದೆ, ಅದೇ ಈಗ ಕಷ್ಟ.

ಆ ಮೇಲೆ ಮಕ್ಕಳು ಎಲ್ಲಿಗೆ ಕರೆದರೂ ಇವರದು ಒಂದೇ ಉತ್ತರ: "ನೀವು ಹೋಗಿ ಬನ್ನಿ, ನನಗೆ ಗ್ಯಾಸ್ಟ್ರಿಕ್." ವಯಸ್ಸಾಯಿತು, ಖರ್ಚಿನ ಚಿಂತೆ ಎಂದು ನಾವು ಮೂವರೂ ನಂಬಿದೆವು. ನಂಬುವುದು ಸುಲಭವಾಗಿತ್ತು.

2020ರ ಲಾಕ್‌ಡೌನಿನಲ್ಲಿ ಕೆಲಸದವಳು ಬರುವಂತಿರಲಿಲ್ಲ. ನಾನು ತೊಳೆಯುವುದು, ಇವರು ಒರೆಸಿ ಇಡುವುದು ಎಂದಾಯಿತು. ಒಂದು ರಾತ್ರಿ ಇವರ ಕೈಯಲ್ಲಿ ತಟ್ಟೆಗಳು ಸದ್ದಿಲ್ಲದೆ ಒಂದರೊಳಗೊಂದು ಕೂರುವುದನ್ನು ನೋಡಿ, "ಇದನ್ನು ಯಾರು ಕಲಿಸಿದರು?" ಎಂದು ಕೇಳಿದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷಗಳ ಮೇಲೆ ಕೇಳಿದ್ದು!

"ಹಳೆಯ ಸಪ್ಲೈಯರ್ ಒಬ್ಬರಿದ್ದರು. ಗಿರಾಕಿಗಳಲ್ಲಿ ಒಬ್ಬ ಮುದುಕರು ದಿನಾ ಊಟವಾದ ಮೇಲೆ ತಾವೇ ತಟ್ಟೆ, ಲೋಟ ಒಟ್ಟು ಮಾಡಿ ಇಟ್ಟು ಹೋಗುತ್ತಿದ್ದರು. ಅದನ್ನು ತೋರಿಸಿ ಅವರು ನನಗೆ ಹೇಳಿದ್ದರು, ಮಾಣಿ, ನೀನು ದೊಡ್ಡವನಾಗಿ ಗಿರಾಕಿಯಾದ ದಿನ ಇದನ್ನು ಮರೆಯಬೇಡ ಅಂತ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ದಿನ ನೀನು ಹೇಳಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕು ಬಿಡುತ್ತಿದ್ದೆ ಮಾರಾಯ್ತಿ" ಎಂದರು.

ನಲ್ಲಿ ತಿರುಗಿಸಿ ನಿಂತೆ. ಮಾತು ಬರಲಿಲ್ಲ. ತಪ್ಪಾಯಿತು ಎಂದು ಹೇಳಿದ್ದು ಮರುದಿನ ಬೆಳಿಗ್ಗೆ, ಕಾಫಿ ಕೊಡುವಾಗ. ಇವರು "ಸಕ್ಕರೆ ಕಡಿಮೆಯಾಗಿದೆ" ಎಂದರು. ನಮ್ಮ ಮನೆಯಲ್ಲಿ ಕ್ಷಮೆ ಸಿಗುವುದು ಹಾಗೆಯೇ.

ಹೋಟೆಲುಗಳು ಮತ್ತೆ ತೆರೆದ ಮೇಲೆ ಹಂತಹಂತವಾಗಿ ಹೊರಗೆ ಹೊರಟೆವು. ಮೊದಲು ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ. 1942ರಿಂದ ನಡೆದು ಬಂದ ಊಟದ ಮನೆ ಅದು; ಬಾಳೆಲೆಯ ಮೇಲೆ ಅನ್ನ, ಸಾರು ಬೀಳುವಾಗ ಇವರ ಮುಖ ನೋಡಬೇಕಿತ್ತು. ಇನ್ನೊಮ್ಮೆ ಧೋಬಿ ತಲಾವಿನ ಕಯಾನಿಯಲ್ಲಿ ಚಹಾ, ಬ್ರುನ್ ಮಸ್ಕಾ, ಅದು 1904ರದು. ಕೊನೆಗೆ ಮಗಳ ಹುಟ್ಟುಹಬ್ಬಕ್ಕೆ ಮತ್ತೊಂದು ದೊಡ್ಡ ರೆಸ್ಟೊರೆಂಟು. ಮೂರು ತರಹದ ಚಮಚ ಅಲ್ಲಿಯೂ ಇತ್ತು.

ಊಟ ಮುಗಿಯಿತು. ಇವರ ಕೈ ಅಭ್ಯಾಸಬಲದಿಂದ ತಟ್ಟೆಯ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ನಾನು ನನ್ನ ತಟ್ಟೆಯನ್ನು ಅವರ ಕಡೆ ಸರಿಸಿದೆ.

ಬಡಿಸುತ್ತಿದ್ದ ಹುಡುಗ ಓಡಿ ಬಂದ. ಇಪ್ಪತ್ತೆರಡು ಇರಬಹುದು. "ಸರ್, ನೀವು ಮಾಡಬೇಡಿ" ಎಂದ. ಇವರು ಹಿಂದಿಯಲ್ಲಿ, "ನಾನೂ ಇದೇ ಕೆಲಸ ಮಾಡಿದವನು ಮಗಾ" ಎಂದರು. ಹುಡುಗ ಒಂದು ಕ್ಷಣ ನೋಡಿ ನಕ್ಕ. ಅವನು ಡಾರ್ಜಿಲಿಂಗ್ ಕಡೆಯವನಂತೆ. ಅವರ ಟ್ರೇನಿಂಗಿನಲ್ಲಿ ಗಿರಾಕಿಯ ಎದುರು ತಟ್ಟೆಯ ಮೇಲೆ ತಟ್ಟೆ ಪೇರಿಸಬಾರದಂತೆ, ಸದ್ದು ಮಾಡಬಾರದಂತೆ. ಚಾಕು, ಫೋರ್ಕು ಎರಡನ್ನೂ ಜೊತೆಯಾಗಿ ತಟ್ಟೆಯಲ್ಲಿಟ್ಟರೆ ಸಾಕು, ಊಟ ಮುಗಿಯಿತೆಂದು ತಿಳಿಯುತ್ತದೆ, ಎತ್ತುವುದು ಸುಲಭವಾಗುತ್ತದೆ ಎಂದು ತೋರಿಸಿಕೊಟ್ಟ. ಮೂರು ತಟ್ಟೆಗಳನ್ನು ಒಂದೇ ತೋಳಿನಲ್ಲಿ ಹೇಗೆ ಹಿಡಿಯುವುದೆಂದೂ ತೋರಿಸಿದ. ಇವರು ಒಂದೇ ಕೈಯಲ್ಲಿ ಆರು ಲೋಟ ಹಿಡಿಯುತ್ತಿದ್ದ ವರಸೆ ಹೇಳಿದರು. ಆ ಚಾಕು, ಫೋರ್ಕಿನ ಪಾಠ 2017ರಲ್ಲಿ ನನಗೂ ಗೊತ್ತಿತ್ತು. ಆದರೆ ಅದನ್ನು ನಾನು ಪಕ್ಕದ ಮೇಜಿನವರಿಗಾಗಿ ಕಲಿತಿದ್ದೆ. ಎತ್ತುವವನ ಅನುಕೂಲಕ್ಕಾಗಿಯೂ ಆ ನಿಯಮ ಎಂಬುದು ಅಂದೇ ಹೊಳೆದದ್ದು.

ಆ ದಿನ ಪೇಸ್ಟ್ರಿ ಬಂದಾಗ ಇವರು ತಮ್ಮದನ್ನು ಮುಗಿಸಿ ನನ್ನದರಲ್ಲಿಯೂ ಅರ್ಧ ತಿಂದರು. ಗ್ಯಾಸ್ಟ್ರಿಕ್ ಎಲ್ಲಿ ಹೋಯಿತೋ!

ರೆಸ್ಟೊರೆಂಟ್ ಎಂಬ ಮಾತು ಬಂದದ್ದು ಫ್ರೆಂಚಿನಿಂದ. ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ದಣಿದವರಿಗೆ ಚೇತರಿಕೆ ಕೊಡುವ ಒಂದು ಬಗೆಯ ಮಾಂಸದ ಸಾರಿಗೆ ಆ ಹೆಸರಿತ್ತು; ಆಮೇಲೆ ಅದನ್ನು ಮಾರುವ ಜಾಗಕ್ಕೂ ಅದೇ ಹೆಸರಾಯಿತು. ಎದ್ದು ಬರುವಾಗ ಜೊತೆಗೆ ಬಂದವರಿಗೆಲ್ಲ ಚೇತರಿಕೆಯಾಗಿದ್ದರೆ ಅಲ್ಲಿಗೆ ಹೋದದ್ದು ಸಾರ್ಥಕ.

ಈಗ ನಿಮಗೆ ನಾಲ್ಕು ಮಾತು, ಬೈಗುಳವಲ್ಲ. ಧಾರಾಳವಾಗಿ ಹೊರಗೆ ತಿನ್ನಿ, ಒಳ್ಳೆಯದನ್ನು ತಿನ್ನಿ. ಹತ್ತು ಸಾಧಾರಣ ಕೇಕಿನ ಬದಲು ಒಂದು ಚೆನ್ನಾದ ಪೇಸ್ಟ್ರಿಯನ್ನು ಇಬ್ಬರು ಹಂಚಿಕೊಳ್ಳಿ. ಅಜ್ಜಿ, ಅಜ್ಜ ಜೊತೆಗಿದ್ದರೆ ಮೊಟ್ಟೆ ಇದೆಯೇ, ಜೆಲಟಿನ್ ಇದೆಯೇ ಎಂದು ಮೊದಲೇ ಕೇಳಿ. ಜೆಲಟಿನ್ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು, ಮೂಸಿನಂಥ ತಿಂಡಿಗಳಲ್ಲಿ ಇರುತ್ತದೆ. ಬಿಲ್ಲು ಓದಿ ನೋಡಿ. ಜಿಎಸ್‌ಟಿ ತೆರಿಗೆ, ಕೊಡಲೇಬೇಕು. ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಸೂಚಿಸಿತ್ತು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಕಾನೂನು ಹೇಳಿ ಹಣ ಉಳಿಸಿದರೆ ಉಳಿಸಿ, ಆದರೆ ಅದರಲ್ಲಿ ಸ್ವಲ್ಪವನ್ನು ಬಡಿಸಿದವನ ಕೈಯಲ್ಲಿಟ್ಟು ಬನ್ನಿ. ಬೆರಳು ಚಿಟಿಕೆ ಹೊಡೆದು ಯಾರನ್ನೂ ಕರೆಯಬೇಡಿ. ಒಂದು ಕಾಲದಲ್ಲಿ ಆ ಚಿಟಿಕೆಗೆ ಓಡಿ ಬರುತ್ತಿದ್ದವರು ನಮ್ಮ ಮನೆಯವರೇ.

ಇನ್ನೊಂದು. ಅಪ್ಪ ಅಮ್ಮ "ನಮಗೆ ಬೇಡ, ನೀವು ಹೋಗಿ ಬನ್ನಿ" ಎಂದರೆ ಮೊದಲ ಸಲಕ್ಕೇ ನಂಬಬೇಡಿ. ಏಕೆ ಬೇಡ ಎಂದು ಒಮ್ಮೆ ಕೇಳಿ. ಕೇಳಲು ನನ್ನ ಹಾಗೆ ಇಪ್ಪತ್ತೆಂಟು ವರ್ಷ ತೆಗೆದುಕೊಳ್ಳಬೇಡಿ.

ಮುಂದಿನ ತಿಂಗಳು ಸಿಗೋಣ. ಆಗ ಪುನಃ ಪತ್ರೊಡೆಯೇ, ಮಳೆಗಾಲ ಬಂತಲ್ಲ!